ತೂಕ ಮಾತು ಕೇಳದಿದ್ದಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ತೂಕ ಏರಿತು ಅಂದ ಕೂಡಲೇ ಮೈಸೂರು, ಮಂಡ್ಯದ ಕಡೆ ಬಹಳಷ್ಟು ಜನ ಮೊದಲು ಓಡುವುದು ಥೈರಾಯ್ಡ್ ಪರೀಕ್ಷೆಗೆ. ಅದು ನಾರ್ಮಲ್ ಬಂದರೆ ಅನ್ನ ಬಿಟ್ಟು ಮುದ್ದೆ, ಸಕ್ಕರೆ ಬಿಟ್ಟು ಬೆಲ್ಲ. ಅದಕ್ಕೂ ಬಗ್ಗದಿದ್ದರೆ ‘ನನ್ನ ಮೈಯೇ ಹೀಗೆ, ಗಾಳಿ ಕುಡಿದರೂ ಊದುತ್ತೆ’ ಅಂತ ಕೈಚೆಲ್ಲುತ್ತಾರೆ. ತಪ್ಪಿರುವುದು ಹುಡುಕುವ ಕ್ರಮದಲ್ಲಿ. ಅಪರೂಪದ ಕಾರಣವನ್ನು ಮೊದಲು ನೋಡಿ, ಸಾಮಾನ್ಯ ಕಾರಣವನ್ನು ನೋಡದೆಯೇ ಬಿಡುತ್ತಿದ್ದೇವೆ. ಸರಿಯಾದ ಕ್ರಮ ಹೀಗೆ: ಅಳತೆ, ನೀರು, ಊಟದ ಲೆಕ್ಕ, ದೇಹದ ತಿರುಗೇಟು, ಔಷಧ, ಆಮೇಲೆ ರೋಗ. ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದ್ದರೆ ಮಾತ್ರ ಈ ಕ್ರಮ ಬಿಟ್ಟು ನೇರ ಕೊನೆಯ ಭಾಗಕ್ಕೆ ಹೋಗಿ. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಇಲ್ಲಿನ ಊಟ ಕಡಿತದ ಲೆಕ್ಕ ಅನ್ವಯಿಸುವುದಿಲ್ಲ.

ದೇಹ ಏನು ಮಾಡುತ್ತಿದೆ

ಕನ್ನಂಬಾಡಿ ಕಟ್ಟೆಯ ಮಟ್ಟ ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ನಾಲೆ ಬಯಲಿನ ಪ್ರತಿ ರೈತನಿಗೂ ಗೊತ್ತಿರುತ್ತದೆ. ಮೈಯಲ್ಲಿನ ಕೊಬ್ಬಿನ ಲೆಕ್ಕವೂ ಮೇಲ್ನೋಟಕ್ಕೆ ಅಷ್ಟೇ. ಆದರೆ ಕಟ್ಟೆ ತುಂಬಿದ ಮಟ್ಟವಾದ 124.80 ಅಡಿಯಿಂದ ಕೆಳಗಿಳಿದರೆ ತಾನೇ ಮಳೆ ಕರೆಯುವುದಿಲ್ಲ, ತಾನೇ ತೂಬು ಬಿಗಿಯುವುದಿಲ್ಲ. ದೇಹ ಎರಡನ್ನೂ ಮಾಡುತ್ತದೆ. ಕೊಬ್ಬು ಕರಗಿದಂತೆ ಹಸಿವು ಹೆಚ್ಚುತ್ತದೆ, ಖರ್ಚು ತಗ್ಗುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಅರ್ಥವಾಗುವುದಿಲ್ಲ.

ಸುದ್ದಿ ಮುಟ್ಟಿಸುವ ಕೆಲಸ ಹಾರ್ಮೋನುಗಳದ್ದು. ಕೊಬ್ಬಿನ ಕೋಶಗಳು ಲೆಪ್ಟಿನ್ ಬಿಡುತ್ತವೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಗುರುತಿಸಿತು. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಲೆಪ್ಟಿನ್ ಪ್ರಮಾಣ ನೋಡಿ ದಾಸ್ತಾನು ಎಷ್ಟಿದೆ ಎಂದು ತಿಳಿಯುತ್ತದೆ. ಜಠರದಿಂದ ಬರುವ ಗ್ರೆಲಿನ್ ಊಟದ ಹೊತ್ತಿಗೆ ಹಸಿವು ಎಬ್ಬಿಸುತ್ತದೆ. ತಿಂದ ಮೇಲೆ ಕರುಳಿನಿಂದ ಹೊರಡುವ ಜಿಎಲ್‌ಪಿ-1, ಪಿವೈವೈ, ಕೊಲೆಸಿಸ್ಟೊಕೈನಿನ್ ‘ಸಾಕು’ ಅನ್ನುತ್ತವೆ. ಲೆಪ್ಟಿನ್ ಸಿಕ್ಕಾಗ ಅದನ್ನೇ ಚುಚ್ಚಿದರೆ ಬೊಜ್ಜು ಕರಗುತ್ತದೆ ಎಂಬ ಆಸೆ ಹುಟ್ಟಿತ್ತು. ಹಾಗಾಗಲಿಲ್ಲ. ದಪ್ಪ ಇರುವವರಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ. ಅದರ ಮುಖ್ಯ ಕೆಲಸ ಕೊರತೆಯ ಎಚ್ಚರಿಕೆ ಕೊಡುವುದು. ಬರಗಾಲಕ್ಕೆ ದೇಹ ಗಟ್ಟಿಯಾಗಿ ಕೂಗುತ್ತದೆ, ಸಮೃದ್ಧಿಗೆ ಮೆಲ್ಲಗೆ ಗೊಣಗುತ್ತದೆ.

ಖರ್ಚಿನ ಕಡೆ ಬಂದರೆ, ಸುಮ್ಮನೆ ಮಲಗಿದ್ದರೂ ಹೃದಯ, ಯಕೃತ್ತು, ಮೆದುಳು, ಮೂತ್ರಪಿಂಡ ನಡೆಯಲು ದಿನದ ಖರ್ಚಿನ ಶೇ 60-70 ಹೋಗುತ್ತದೆ. ತಿಂದದ್ದನ್ನು ಜೀರ್ಣಿಸಲು ಶೇ 10ರಷ್ಟು. ಉಳಿದದ್ದು ಓಡಾಟ, ದುಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕೆಜಿ ಹೆಂಗಸಿಗೆ 1,660. ಮೈಮುರಿದು ದುಡಿಯುವ ಗಂಡಸಿಗೆ 3,470, ಹೆಂಗಸಿಗೆ 2,720. ಇಲ್ಲಿ ಎಲ್ಲೆಡೆ ಕ್ಯಾಲೊರಿ ಅಂದರೆ ಕಿಲೋಕ್ಯಾಲೊರಿ.

ಪರೀಕ್ಷೆ 1: ತಕ್ಕಡಿ ಸರಿ ಇದೆಯೇ

ತೂಕದ ಯಂತ್ರವನ್ನು ಚಾಪೆ, ಕಾರ್ಪೆಟ್ ಮೇಲೆ ಇಡಬೇಡಿ. ಗಟ್ಟಿ ನೆಲ, ಸಮತಟ್ಟು. ಮೊದಲು ಬರಿಗೈಲಿ ನಿಂತು ನೋಡಿ, ಆಮೇಲೆ ಬಾಯಿ ಬಿಚ್ಚದ ಅಕ್ಕಿ ಚೀಲ ಹಿಡಿದು ನಿಲ್ಲಿ. ವ್ಯತ್ಯಾಸ ಚೀಲದ ಮೇಲೆ ಬರೆದ ನಿವ್ವಳ ತೂಕಕ್ಕೆ ಹೊಂದಬೇಕು. ಬರೆದದ್ದನ್ನು ಓದಿಯೇ ಹೋಲಿಸಿ, ಜಿಎಸ್‌ಟಿ ಬದಲಾದ ಮೇಲೆ ಎಷ್ಟೋ ಚೀಲ 25 ಬದಲು 26 ಕೆಜಿ ಬರುತ್ತಿವೆ. ಭಾರ ಎತ್ತಲಾಗದವರು ಐದು ಲೀಟರ್ ನೀರು ತುಂಬಿದ ಕ್ಯಾನ್ ಹಿಡಿಯಲಿ, 5 ಕೆಜಿಗಿಂತ ಚೂರು ಜಾಸ್ತಿ ತೋರಿಸಬೇಕು. ಅಗ್ಗದ ಡಿಜಿಟಲ್ ಯಂತ್ರಗಳಲ್ಲಿ ಇನ್ನೊಂದು ತೊಂದರೆ ಇದೆ: ಸಣ್ಣ ಬದಲಾವಣೆ ಇದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ತೋರಿಸುತ್ತವೆ. ನಡುವೆ ಒಮ್ಮೆ ಕ್ಯಾನ್ ಹಿಡಿದು ನಿಂತು, ಆಮೇಲೆ ಬರಿಗೈಲಿ ನಿಂತರೆ ನಿಜ ಅಂಕಿ ಸಿಗುತ್ತದೆ.

ತೂಗುವ ಹೊತ್ತು ಬೆಳಿಗ್ಗೆ, ಶೌಚ ಮುಗಿಸಿ, ಕಾಫಿಗೆ ಮೊದಲು, ಅದೇ ತೆಳು ಬಟ್ಟೆಯಲ್ಲಿ. ಒಂದು ದಿನದ ಅಂಕಿಗೆ ಬೆಲೆ ಇಲ್ಲ. ಏಳು ದಿನದ ಸರಾಸರಿ ತೆಗೆದು ವಾರಕ್ಕೆ ವಾರ ಹೋಲಿಸಿ. ಮುಟ್ಟಾಗುವ ಹೆಂಗಸರು ಈ ತಿಂಗಳ ಚಕ್ರದ ದಿನವನ್ನು ಹೋದ ತಿಂಗಳ ಅದೇ ದಿನಕ್ಕೆ ಹೋಲಿಸಬೇಕು, ಮುಟ್ಟಿನ ಮುಂಚೆ ನೀರು ನಿಂತು ಒಂದೆರಡು ಕೆಜಿ ಏರಬಹುದು.

ಸೊಂಟದ ಅಳತೆ ಇಲ್ಲದೆ ತೂಕದ ಅಂಕಿ ಅರ್ಧ ಕಥೆ ಮಾತ್ರ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಓದಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದೆ ಅಂತಲೇ. ನಮ್ಮ ಜನರಲ್ಲಿ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಎಂದು ಎಣಿಸುವುದಕ್ಕೆ ಕಾರಣವಿದೆ. 1934ರಿಂದ ಹೆರಿಗೆ ದಾಖಲೆ ಇಟ್ಟುಕೊಂಡು ಬಂದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಅಧ್ಯಯನ ಮಾಡಿದಾಗ, ತೂಕ ಕಡಿಮೆ ಇದ್ದರೂ ಮುಂಡದ ಭಾಗದ ಕೊಬ್ಬು ಕಡಿಮೆ ಇರಲಿಲ್ಲ ಎಂದು ಕಂಡುಬಂತು. ನೋಡಲು ಸಣಕಲು, ಒಳಗೆ ಕೊಬ್ಬು. ‘ನಾನೇನು ದಪ್ಪ ಇಲ್ಲವಲ್ಲ’ ಎಂಬ ಮಾತನ್ನು ಟೇಪು ಹಿಡಿದು ಪರೀಕ್ಷಿಸಿಯೇ ನಂಬಬೇಕು.

ಪರೀಕ್ಷೆ 2: ಏರಿದ್ದು ಕೊಬ್ಬೋ ನೀರೋ

ಬೀಗರೂಟ ಉಂಡ ಮಾರನೇ ದಿನ 2 ಕೆಜಿ ಜಾಸ್ತಿ. ಗಾಬರಿ ಬೇಡ, ಲೆಕ್ಕ ಹಾಕಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಎರಡು ಕೆಜಿ ಕೊಬ್ಬು ಕೂಡಬೇಕಾದರೆ ದಿನದ ಖರ್ಚು ಕಳೆದು 15,000ಕ್ಕೂ ಹೆಚ್ಚು ಮಿಗಬೇಕು, ಅಂದರೆ ಅರವತ್ತು ಎಪ್ಪತ್ತು ತುಂಡು ಮೈಸೂರು ಪಾಕ್. ಏರಿದ್ದು ಉಪ್ಪಿನ ಜೊತೆ ನಿಂತ ನೀರು, ಕರುಳಲ್ಲಿರುವ ಊಟ, ಮತ್ತು ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಪಿಷ್ಟ. ಯಕೃತ್ತು, ಸ್ನಾಯು ಸೇರಿ 400-500 ಗ್ರಾಂ ಗ್ಲೈಕೋಜನ್ ಕೂಡಿಡುತ್ತವೆ, ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ.

ಡಯಟ್ ಶುರು ಮಾಡಿದ ಮೊದಲ ವಾರ ಸರಸರ ಇಳಿಯುವುದೂ ಇದೇ ನೀರು. ‘ಹತ್ತು ದಿನದಲ್ಲಿ ನಾಲ್ಕು ಕೆಜಿ’ ಎಂಬ ಜಾಹೀರಾತುಗಳು ಬದುಕಿರುವುದೇ ಇದರ ಮೇಲೆ. ಮೂರನೇ ವಾರದಿಂದ ಕಾಣುವ ವೇಗವೇ ನಿಜವಾದದ್ದು.

ನೀರು ಎಲ್ಲ ಸಲವೂ ನಿರುಪದ್ರವಿಯಲ್ಲ. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಊತವಿದೆ. ಎರಡು ಮೂರು ದಿನದಲ್ಲಿ 2 ಕೆಜಿ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೃದಯ, ಮೂತ್ರಪಿಂಡದ ತೊಂದರೆ ಹೀಗೆ ತೂಕದ ವೇಷದಲ್ಲಿ ಬರುತ್ತದೆ.

ಪರೀಕ್ಷೆ 3: ಒಳಗೆ ಹೋಗುತ್ತಿರುವುದು ನಿಜಕ್ಕೂ ಎಷ್ಟು

ಹತ್ತರಲ್ಲಿ ಒಂಬತ್ತು ದೋಷ ಇಲ್ಲೇ ಸಿಗುತ್ತವೆ ಎಂದುಕೊಂಡೇ ಹುಡುಕಿ. 1992ರಲ್ಲಿ ಅಮೆರಿಕದಲ್ಲಿ, ‘1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ’ ಎನ್ನುತ್ತಿದ್ದವರ ನಿಜ ಖರ್ಚನ್ನು, ಗುರುತು ಹಾಕಿದ ನೀರು ಕುಡಿಸಿ ಆ ಗುರುತು ಮೈಯಿಂದ ಎಷ್ಟು ಬೇಗ ಹೊರಹೋಗುತ್ತದೆ ಎಂದು ನೋಡುವ ವಿಧಾನದಿಂದ ಅಳೆದರು. ಅವರ ಚಯಾಪಚಯ (ಮೆಟಬಾಲಿಸಂ) ಸರಿಯಾಗಿಯೇ ಇತ್ತು, ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಸುಳ್ಳು ಹೇಳಿದ್ದಲ್ಲ. ಬಡಿಸಿದ ಕೈಗೆ ಎಣ್ಣೆಯ ಲೆಕ್ಕ ಗೊತ್ತಿರುವುದಿಲ್ಲ, ಉಂಡ ಬಾಯಿಗೆ ಅಳತೆ ನೆನಪಿರುವುದಿಲ್ಲ.

ಹಾಗಾಗಿ ಊಟದ ಡೈರಿಗಿಂತ ತಿಂಗಳ ದಿನಸಿ ಚೀಟಿ ನಂಬಿಕೆಗೆ ಯೋಗ್ಯ. ಚೀಟಿಯಲ್ಲಿ ಮೂರೇ ಸಾಲು ನೋಡಿ.

ಎಣ್ಣೆ, ತುಪ್ಪ: ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಬಂದರೆ ತಲೆಗೆ ದಿನಕ್ಕೆ 270ರಷ್ಟು ಆಯಿತು. ಎರಡೂವರೆ ಲೀಟರಿಗೆ ಇಳಿಸಿದರೆ ನೂರು ಉಳಿಯುತ್ತದೆ. ಬಾಟಲಿಯಿಂದ ಸುರಿಯುವುದನ್ನು ಬಿಟ್ಟು, ದಿನಕ್ಕೆ ಇಷ್ಟು ಎಂದು ಬೆಳಿಗ್ಗೆ ಒಂದು ಪುಟ್ಟ ಗಿಂಡಿಗೆ ಅಳೆದಿಡುವುದು ಎಲ್ಲಕ್ಕಿಂತ ಸುಲಭದ ರಿಪೇರಿ. ಕರಿದು ಉಳಿದ ಎಣ್ಣೆಯನ್ನು ಲೆಕ್ಕದಿಂದ ಕಳೆಯಿರಿ, ಹೋಟೆಲಿನ ದೋಸೆ, ರೈಲಿನಲ್ಲಿ ಕೊಂಡ ಮದ್ದೂರು ವಡೆಯನ್ನು ಸೇರಿಸಿ.

ಸಕ್ಕರೆ, ಬೆಲ್ಲ: ಕಬ್ಬಿನ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿ, 100 ಗ್ರಾಂ ಬೆಲ್ಲದಲ್ಲಿ ಸುಮಾರು 380. ರುಚಿಗೆ ಬೆಲ್ಲ ಮೇಲು, ತೂಕದ ಲೆಕ್ಕದಲ್ಲಿ ಎರಡೂ ಒಂದೇ. ನಾಲ್ವರಿಗೆ ಎರಡೂ ಸೇರಿ ತಿಂಗಳಿಗೆ 6 ಕೆಜಿ ಬಂದರೆ ತಲೆಗೆ ದಿನಕ್ಕೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು ಎನ್ನುತ್ತದೆ. ನೂರು ಮಿ.ಲೀ. ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟ ಕಾಫಿ ಸುಮಾರು 100 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಅಂದರೆ ಒಂದು ಹೊತ್ತಿನ ಊಟ.

ಕಾಯಿ, ಕಡಲೆಕಾಯಿ: ಒಂದು ತೆಂಗಿನಕಾಯಿಯ ತಿರುಳಿನಲ್ಲಿ 700ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಒಳ್ಳೆಯ ಆಹಾರ, ಆದರೆ ದಿನಕ್ಕೊಂದು ಕಾಯಿ ಒಡೆಯುವ ಮನೆಯಲ್ಲಿ ಅದೂ ಲೆಕ್ಕಕ್ಕೆ ಬರಬೇಕು.

ಈಗ ಮುದ್ದೆ. ರಾಗಿ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಬಹಳ ಹೆಚ್ಚು, ಅದಕ್ಕಾಗಿ ತಿನ್ನಿ. ಆದರೆ ‘ಮುದ್ದೆ ತಿಂದರೆ ತೂಕ ಬರಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಮುದ್ದೆಯ ಗಾತ್ರ ನೋಡಿ ಅಂದಾಜು ಮಾಡಬೇಡಿ, ಹಿಟ್ಟು ಕುದಿಯುವ ನೀರಿಗೆ ಬೀಳುವ ಮೊದಲೇ ತೂಗಿ. ಮಂಡ್ಯ ಸೀಮೆಯ ಮುದ್ದೆಯ ಗಾತ್ರ ಗದ್ದೆಯಲ್ಲಿ ಕೈಯಿಂದ ನಾಟಿ, ಕಟಾವು ಮಾಡುತ್ತಿದ್ದವರ ಹೊಟ್ಟೆಗೆ ತಕ್ಕಂತೆ ಗೊತ್ತಾದದ್ದು, ದಿನಕ್ಕೆ 3,470 ಕ್ಯಾಲೊರಿ ಖರ್ಚಾಗುತ್ತಿದ್ದ ಕಾಲದ ಮುದ್ದೆ. ಕೆಲಸವನ್ನು ಟಿಲ್ಲರು, ಕಟಾವು ಯಂತ್ರ ಮಾಡುವ ಕಾಲಕ್ಕೆ ದೇಹದ ಖರ್ಚು 2,110ರ ಕಡೆಗೆ ಇಳಿದಿದೆ. ಮುದ್ದೆ ಮಾತ್ರ ಅಷ್ಟೇ ಇದೆ.

ಮುದ್ದೆಯ ಇನ್ನೊಂದು ಗುಣ, ಅದನ್ನು ಜಗಿಯುವುದಿಲ್ಲ, ನುಂಗುತ್ತೇವೆ. ಕರುಳಿನ ‘ಸಾಕು’ ಸಂದೇಶ ಮೆದುಳಿಗೆ ಪೂರ್ತಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ಊಟ ಮುಗಿಸಿದವರಿಗೆ ಸಂದೇಶ ತಲುಪುವುದು ಕೈ ತೊಳೆದ ಮೇಲೆ. ಮುದ್ದೆಯನ್ನು ಜಗಿಯಿರಿ ಎಂದು ಈ ಕಡೆಯವರಿಗೆ ಹೇಳಿ ಪ್ರಯೋಜನವಿಲ್ಲ. ಬದಲಿಗೆ ಬಸ್ಸಾರಿನ ಕಾಳು-ಸೊಪ್ಪಿನ ಪಲ್ಯವನ್ನು ಮೊದಲು, ಒಂದು ದೊಡ್ಡ ಬಟ್ಟಲಿನಷ್ಟು ಜಗಿದು ತಿಂದು, ಆಮೇಲೆ ಮುದ್ದೆ ಮುರಿಯಿರಿ. ಬಸ್ಸಾರಿನ ಪ್ರೋಟೀನು ಬಸಿದ ಕಟ್ಟಿನಲ್ಲಿ ಕಡಿಮೆ, ಕಾಳಿನಲ್ಲೇ ಹೆಚ್ಚು. ಆದರೂ ಎಷ್ಟೋ ಮನೆಗಳಲ್ಲಿ ಪಲ್ಯ ನೆಂಚಿಕೊಳ್ಳಲು ಎರಡು ಚಮಚ, ಸಾರು ಎರಡು ಸೌಟು.

ಬೇಕರಿ ತಿಂಡಿಗೂ ಇದೇ ನಿಯಮ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ತಂಡ 20 ಜನರನ್ನು ಕೂಡಿಹಾಕಿ, ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡು ಕಡೆಯೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದಾಗ ಕಾರ್ಖಾನೆ ಆಹಾರದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗನೂ ತಿಂದರು.

ನಡಿಗೆಯ ಬಗ್ಗೆ ಇರುವ ಭ್ರಮೆಯನ್ನೂ ಇಲ್ಲೇ ಬಿಡಿಸಬೇಕು. 70 ಕೆಜಿ ತೂಕದವರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 5 ಕಿ.ಮೀ. ನಡೆದರೆ, ಕೂತಿದ್ದರೂ ಆಗುತ್ತಿದ್ದ ಖರ್ಚು ಕಳೆದು ಸಿಗುವುದು 180 ಕ್ಯಾಲೊರಿ ಆಸುಪಾಸು. ಚಾಮುಂಡಿ ಬೆಟ್ಟದ ಸಾವಿರದಷ್ಟು ಮೆಟ್ಟಿಲು ಹತ್ತಿದರೂ 150ರಿಂದ 250. ವಾಪಸಾಗುವಾಗ ಒಂದು ಬೆಣ್ಣೆ ದೋಸೆ, ಕಾಫಿ ಆದರೆ ಲೆಕ್ಕ ಮೈನಸ್. ನಡಿಗೆ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ, ಇಳಿಸಿದ ತೂಕ ಉಳಿಸಿಕೊಳ್ಳುವುದಕ್ಕೆ ಬಹಳ ಮುಖ್ಯ. ಅದೊಂದರಿಂದಲೇ ಹೊಟ್ಟೆ ಕರಗಿಸುತ್ತೇನೆ ಅಂದರೆ ನಿರಾಸೆ ಖಚಿತ.

ಪರೀಕ್ಷೆ 4: ಇಳಿಯುತ್ತಿತ್ತು, ನಿಂತುಹೋಯಿತು

ಆರೇಳು ತಿಂಗಳು ಚೆನ್ನಾಗಿ ಇಳಿದು ನಿಲ್ಲುವುದು ದೋಷವಲ್ಲ, ದೇಹದ ತಿರುಗೇಟು. ಇಳಿದ ಪ್ರತಿ ಕೆಜಿಗೆ ದಿನದ ಖರ್ಚು 20-30 ಕ್ಯಾಲೊರಿ ತಗ್ಗುತ್ತದೆ, ಹಸಿವು ಮಾತ್ರ ದಿನಕ್ಕೆ 100 ಕ್ಯಾಲೊರಿಯಷ್ಟು ಏರುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. 8 ಕೆಜಿ ಇಳಿಸಿದವರಿಗೆ ಖರ್ಚಿನಲ್ಲಿ 200 ಆಸುಪಾಸು ಖೋತಾ, ಹಸಿವಿನಲ್ಲಿ 800 ಏರಿಕೆ. ಎಲ್ಲರೂ ‘ಮೆಟಬಾಲಿಸಂ ನಿಧಾನವಾಗಿದೆ’ ಎಂದು ಖರ್ಚನ್ನು ದೂರುತ್ತಾರೆ. ನಾಲ್ಕು ಪಟ್ಟು ಬಲವಾಗಿ ಎಳೆಯುತ್ತಿರುವುದು ಹಸಿವು. ಆದ್ದರಿಂದ ಇಲ್ಲಿ ರಿಪೇರಿ ಮಾಡಬೇಕಾದ್ದೂ ಹಸಿವನ್ನೇ.

ಮಾಡಬೇಕಾದ್ದು: ಪ್ರೋಟೀನನ್ನು ದಿನಕ್ಕೆ, ದೇಹದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂಗೆ ಏರಿಸಿ, ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ. 100 ಗ್ರಾಂ ಒಣ ಹುರುಳಿ ಕಾಳಿನಲ್ಲಿ 22 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಕೋಳಿಯಲ್ಲಿ 25ರಷ್ಟು ಸಿಗುತ್ತದೆ. ವಾರಕ್ಕೆ ಎರಡು ಮೂರು ದಿನ ಸ್ನಾಯುಗೆ ಭಾರದ ಕೆಲಸ ಕೊಡಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಿದ್ದೆ ಏಳು ಗಂಟೆಗಿಂತ ಕಡಿಮೆ ಇದ್ದರೆ ಅದನ್ನು ಮೊದಲು ಸರಿಮಾಡಿ. ರಾತ್ರಿ ಪಾಳಿಯವರಲ್ಲಿ ಹಸಿವು ಹೆಚ್ಚುವುದಕ್ಕೆ ನಿದ್ದೆಗೇಡು ದೊಡ್ಡ ಕಾರಣ. ಗೊರಕೆ ಹೊಡೆದು, ಹಗಲು ತೂಕಡಿಸುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ (ಸ್ಲೀಪ್ ಅಪ್ನಿಯಾ) ಪರೀಕ್ಷೆ ಬೇಕು.

ನಿರೀಕ್ಷೆಯ ಲೆಕ್ಕವನ್ನೂ ತಿದ್ದಿಕೊಳ್ಳಿ. ದಿನಕ್ಕೆ 240 ಕ್ಯಾಲೊರಿ ಕಡಿಮೆ ಮಾಡಿ, 7,700ರಿಂದ ಭಾಗಿಸಿ, ವರ್ಷಕ್ಕೆ 11 ಕೆಜಿ ಇಳಿಯಬೇಕು ಎಂದು ಕಾದರೆ ತಪ್ಪು. ಖರ್ಚೂ ಜೊತೆಗೇ ಇಳಿಯುವುದರಿಂದ ಮೊದಲ ವರ್ಷ 5 ಕೆಜಿ, ಮೂರು ವರ್ಷಕ್ಕೆ 10ರ ಹತ್ತಿರ. ಐದು ಕೆಜಿಗೆ ‘ಕೆಲಸ ಮಾಡುತ್ತಿಲ್ಲ’ ಎಂದು ಬಿಟ್ಟವರಲ್ಲಿ ಬಹಳ ಜನ ಸರಿಯಾದ ದಾರಿಯಲ್ಲೇ ಇದ್ದರು. ಈಗ ಬಂದಿರುವ ಜಿಎಲ್‌ಪಿ-1 ಮಾದರಿಯ ಚುಚ್ಚುಮದ್ದುಗಳು ಹಸಿವಿನ ತಂತಿಯನ್ನೇ ಹಿಡಿಯುತ್ತವೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ವಾಪಸ್ ಬಂದದ್ದು ಪ್ರಯೋಗದಲ್ಲೇ ದಾಖಲಾಗಿದೆ. ವೈದ್ಯರ ಚೀಟಿ ಇಲ್ಲದೆ ಇದರ ಸಹವಾಸ ಬೇಡ.

ಪರೀಕ್ಷೆ 5: ಔಷಧ, ಥೈರಾಯ್ಡ್

ತೂಕ ಏರಲು ಶುರುವಾದ ತಿಂಗಳು ಮತ್ತು ಹೊಸ ಮಾತ್ರೆ ಶುರುವಾದ ತಿಂಗಳು ಒಂದೇ ಆಗಿದ್ದರೆ ಅನುಮಾನಿಸಿ. ಇನ್ಸುಲಿನ್, ಗ್ಲಿಮೆಪಿರೈಡ್, ಪಿಯೋಗ್ಲಿಟಜೋನ್, ಪ್ರೆಡ್ನಿಸೊಲೋನ್, ಒಲಾಂಜಪಿನ್, ವಾಲ್‌ಪ್ರೊಯೇಟ್, ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ತೂಕ ಏರಿಸಬಲ್ಲವು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನವೇ ವೈದ್ಯರಿಗೆ ಹೇಳಬೇಕು, ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಮಂಡಿ ನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ ತಿಂದು ಮುಖ ದುಂಡಗಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ, ಪುಡಿಯ ಪೊಟ್ಟಣದ ಸಮೇತ ಹೋಗಿ ತೋರಿಸಿ.

ಥೈರಾಯ್ಡ್ ಕೊರತೆಯಿಂದ ಏರುವುದು ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಬಹುಪಾಲು ಉಪ್ಪು, ನೀರು. ಹದಿನೈದು ಕೆಜಿ ಏರಿಕೆಗೆ ಅದೊಂದನ್ನೇ ಹೊಣೆ ಮಾಡಲಾಗದು. ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಸುಸ್ತು ಜೊತೆಗಿದ್ದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯದಿದ್ದರೆ ನಮ್ಮ ಕಡೆ ಮೊದಲು ಕೇಳಬೇಕಾದ್ದು ಕಾಫಿಯ ಬಗ್ಗೆ: ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಬರಿ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾದ ಮೇಲೆ ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ. ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ.

ಮುಟ್ಟು ತಪ್ಪುತ್ತಾ ಮುಖದಲ್ಲಿ ಕೂದಲು ಬಂದರೆ ಪಿಸಿಓಎಸ್ (ಅಂಡಾಶಯ, ಹಾರ್ಮೋನಿನ ಏರುಪೇರು) ಇರಬಹುದು. ಹೊಟ್ಟೆಯ ಮೇಲೆ ಬೆರಳಗಲ ನೇರಳೆ ಗೆರೆ, ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಶಕ್ತಿ ಇಲ್ಲ ಅಂದರೆ ಕುಶಿಂಗ್ (ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಕಾಯಿಲೆ) ಇರಬಹುದು. ಮಗು ದಪ್ಪವಾಗುತ್ತಾ ಎತ್ತರ ಬೆಳೆಯುವುದು ನಿಂತಿದ್ದರೆ ತಡಮಾಡದೆ ಮಕ್ಕಳ ತಜ್ಞರ ಬಳಿ.

ಬೇಡದೆ ಇಳಿಯುತ್ತಿದ್ದರೆ

ಆರರಿಂದ ಹನ್ನೆರಡು ತಿಂಗಳಲ್ಲಿ, ಪ್ರಯತ್ನವಿಲ್ಲದೆ, ಶೇ 5 ಇಳಿದರೆ (60 ಕೆಜಿಗೆ 3 ಕೆಜಿ) ಕಾರಣ ಹುಡುಕಲೇಬೇಕು. ‘ಸಣ್ಣ ಆಗಿದ್ದೀಯ, ಚೆನ್ನಾಗಿ ಕಾಣ್ತೀಯ’ ಎಂಬ ಹೊಗಳಿಕೆಯಲ್ಲಿ ಎಷ್ಟೋ ರೋಗ ತಿಂಗಳುಗಟ್ಟಲೆ ಮುಚ್ಚಿಹೋಗುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಕಾಯಿಲೆ: ಮೂತ್ರದಲ್ಲಿ ದಿನಕ್ಕೆ 100 ಗ್ರಾಂ ಗ್ಲೂಕೋಸ್ ಸೋರಿದರೆ 400 ಕ್ಯಾಲೊರಿ ನಷ್ಟ. ಸಣಕಲು ಮಗುವಿನಲ್ಲಿ ಇದೇ ಲಕ್ಷಣ, ಹಾಸಿಗೆ ಒದ್ದೆ ಮಾಡುವುದು ಹೊಸದಾಗಿ ಶುರುವಾದರೆ ಅವತ್ತೇ ಸಕ್ಕರೆ ಪರೀಕ್ಷೆ ಆಗಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯವಿದೆಯೇ ಎಂದು ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಸಿವು ಚೆನ್ನಾಗಿದ್ದೂ ಇಳಿಯುತ್ತಾ ಕೈ ನಡುಗಿ ಎದೆ ಹೊಡೆದುಕೊಂಡರೆ ಥೈರಾಯ್ಡ್ ಹೆಚ್ಚಳ. ನುಂಗಲು ಕಷ್ಟ, ಮಲದಲ್ಲಿ ರಕ್ತ, ಗಂಟು ಕಂಡರೆ ಕ್ಯಾನ್ಸರ್ ತಪಾಸಣೆ. ವಯಸ್ಸಾದವರಲ್ಲಿ ಹಲ್ಲು ಕಿತ್ತದ್ದು, ಒಂಟಿಯಾದದ್ದು, ಖಿನ್ನತೆ, ಇವನ್ನೂ ಕೇಳಿ ತಿಳಿಯಬೇಕು.

ವೈದ್ಯರ ಬಳಿ ಹೋಗುವಾಗ ವಾರದ ಸರಾಸರಿ ತೂಕದ ಪಟ್ಟಿ, ಸೊಂಟದ ಅಳತೆ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಹಿಂದಿನ ತೂಕ ಬರೆದಿಟ್ಟಿಲ್ಲದ ಹಿರಿಯರಿಗೆ ಬೆಲ್ಟಿನ ಹೊಸ ತೂತು, ಸಡಿಲವಾದ ರವಿಕೆ, ಜಾರುವ ಬಳೆ ಕೂಡ ಸಾಕ್ಷಿಯೇ. ಅದನ್ನೂ ಬಾಯಿಬಿಟ್ಟು ಹೇಳಿ.